ಬಿರುಕು ಗೋಡೆಯ ಒಳಾರ್ಥ

ಶಿರಾಜಿನ ರೊಟ್ಟಿ ಅಂಗಡಿಯ ಸಾಲಿನಲ್ಲಿ ಮುಂದೆ ನಿಂತಿದ್ದ ತೂರಾನ್ ಮತ್ತು ಇಫ್ಫತ್‌ರ ಮಾತಿಗೆ ಮಾಹ್‌ರುಖ್ ಕಿವಿಗೊಟ್ಟಳು.

“ನಿಮ್ಮ ಗೋಡೆ ಬಿರುಕು ಬಿಟ್ಟಿತ್ತಲ್ಲ ತೂರಾನಕ್ಕ, ರಿಪೇರಿ ಆಯ್ತಾ?”

“ಮಾಡಿಸೋದೋ ಬೇಡವೋ ಅಂತ ನಮ್ಮನೆಯವರು ಕಣ್ಮುಚ್ಚಿ ಕವಿತೆ ಪುಸ್ತಕದ ಒಂದು ಪುಟ ತೆರೆದು ಶಕುನ ನೋಡಿದ್ರು.”

“ಏನ್ ಬಂತು?”

“‘ಈ ಪಾಳು ಮನೇಲಿ ಇನ್ನೂ ಯಾಕೆ ಮಲಗಿದೀಯ, ಏಳು’ ಅಂತ.”

“ಇನ್ನೆಷ್ಟು ಬಿಡಿಸಿ ಹೇಳ್ಬೇಕಿತ್ತು!”

“ನಾನೂ ಅದನ್ನೇ ಅಂದೆ. ‘ದಡ್ಡಿ, ಮನೆ ಅಂದ್ರೆ ದೇಹ, ಏಳ್ಬೇಕಾಗಿರೋದು ಆತ್ಮ ಕಣೇ’ ಅಂದು ಅಲ್ಲೇ ಗೊರಕೆ ಹೊಡೆದ್ರು. ಗೋಡೆ ಬಿತ್ತು, ಅವರ ಕಾಲು ಮುರೀತು.”

“ಅಯ್ಯೋ! ಈಗಲಾದ್ರೂ ಬುದ್ಧಿ ಬಂತಾ?”

ತೂರಾನ್ ಟವೆಲ್ಲಿನಷ್ಟು ಉದ್ದದ ಬಿಸಿ ರೊಟ್ಟಿಯನ್ನು ಹೆಗಲಿಗೇರಿಸಿ ಹೊರಟಳು.

“ಎಲ್ಲಿ ಬಂತು! ಡಾಕ್ಟರು ‘ನೆಲಕ್ಕೆ ಕಾಲೂರಬೇಡಿ’ ಅಂದ್ರು. ಇವರು ‘ನೆಲ ಅಂದ್ರೆ ಈ ಲೋಕ, ಅದನ್ನ ನಂಬಬೇಡ ಅಂತಿದಾನೆ, ಎಂಥ ಜ್ಞಾನಿ!’ ಅಂತ ಹೊಗಳ್ಕೊಂಡು ಮನೆ ತುಂಬಾ ಕುಂಟ್ತಾ ಇದಾರೆ.”