ಎರಡನೆಯ ಕೊಂಡಿ

…ಅಯ್ಯೋ, ಯಾಕೆ ನಗ್ತೀರಿ ಅಕ್ಕಾ? ನಿಜವಾಗಿಯೂ! ಹೃದಯದ ಕವಾಟಕ್ಕೂ ತಲೆಮಾರು ಅಂತಿದೆ. ಅಜ್ಜಿ, ಅಮ್ಮ, ಮಗಳು. ಇನ್ನೊಂದು ಗಂಟೆಗೆ ನಿಮ್ಮ ಹೃದಯದಲ್ಲಿ ಕೂರೋದು ಮಗಳು. ಎದೆ ಕೊಯ್ಯೋ ಮಾತೇ ಇಲ್ಲ. ತೊಡೆಯ ರಕ್ತನಾಳದಿಂದ ಒಂದು ಕೊಳವೆ ಹೋಗುತ್ತೆ, ಅದರ ತುದಿಯಲ್ಲಿ ಮುದುಡಿಕೊಂಡು ಇವಳೂ ಹೋಗ್ತಾಳೆ. ಇವಳನ್ನ ಹಿಮದಂಥ ಉಪ್ಪುನೀರಲ್ಲಿ ಅದ್ದಿ, ಮಡಚಿ, ಕೊಳವೆಗೆ ಏರಿಸೋದು ನನ್ನ ಕೆಲಸ. ದೇವರ ಸೇವೆ ಅಂದುಕೊಂಡೇ ಮಾಡ್ತೀನಿ…

ಹೂಂ. ನಿಮ್ಮ ಯಜಮಾನರಿಗೆ ಹಾಕಿದ್ದು ಅಜ್ಜಿ. ಫೈಲಿನಲ್ಲಿ ನೋಡಿದೆ. ಒಂಬತ್ತು ವರ್ಷದ ಹಿಂದೆ… ಹನ್ನೊಂದಾ? ಇರಬಹುದು.

ಅಜ್ಜಿ ಮಹಾ ಹಠಮಾರಿ ಅಕ್ಕಾ. ಒಮ್ಮೆ ಅರಳಿದಳೋ, ಮುಗೀತು. ವಾಪಸ್ ಕೊಳವೆಯೊಳಗೆ ಬರೋಳಲ್ಲ. ಸೊಟ್ಟಗೆ ಕೂತರೆ ಸೊಟ್ಟಗೇ. ಅಮ್ಮ ಪರವಾಗಿಲ್ಲ. ಅರ್ಧ ಅರಳಿಸಿ, ಜಾಗ ಸರಿಯಿಲ್ಲ ಅಂದ್ರೆ ಹಿಂದಕ್ಕೆಳೆದು ಮತ್ತೆ ಕೂರಿಸಬಹುದು. ಮಗಳಿಗೆ ಅದರ ಜತೆಗೆ ಹೊರಗೊಂದು ಮೆತ್ತನೆಯ ಪೊರೆ ಬೇರೆ, ಪಕ್ಕದಿಂದ ರಕ್ತ ಸೋರದ ಹಾಗೆ. ಎಷ್ಟು ವ್ಯತ್ಯಾಸ ನೋಡಿ! ನಿಮ್ಮವರದು… ಹಳೇ ತಲೆಮಾರಿನ ದೋಷ. ಜಾರಿತು, ಅವರು ಉಳೀಲಿಲ್ಲ. ಅಷ್ಟೇ. ಆಗಲೂ ನಿಮಗೆ ಹಾಗೇ ಹೇಳಿದ್ರಲ್ಲ?

ಏನಕ್ಕಾ, ಹಾಗೆ ನೋಡ್ತೀರಿ?

ನಾನಾ? ಇಲ್ಲಪ್ಪ. ಆಗ ಕವಾಟ ತಯಾರು ಮಾಡ್ತಿದ್ದವಳು ಬೇರೆ. ಕೆಲಸ ಬಿಟ್ಟು ಹೋದಳು. ಒಳ್ಳೆಯವಳೇ, ದೈವಭಕ್ತೆ… ಅದೇ ಅಂತೀನಿ, ಅಷ್ಟು ಭಕ್ತಿ ಇದ್ದೂ…

ಏನಿಲ್ಲ ಬಿಡಿ.

ಅಲ್ಲಾ, ಕವಾಟದ ತುದಿಗೆ ಎರಡು ಕೊಂಡಿ ಇರುತ್ತೆ, ಉಗುರಿನ ಚೂರಿನಷ್ಟು. ಎರಡೂ ಕೊಳವೆಯ ಕಚ್ಚಿನಲ್ಲಿ ಕೂರಬೇಕು. ಒಂದು ಕೂರದಿದ್ದರೂ, ಹೃದಯದೊಳಗೆ ಬಿಡುವಾಗ ಕವಾಟ ಒಂದು ಕಡೆಗೆ ಚಿಮ್ಮಿಬಿಡುತ್ತೆ. ಈಗ ಎಕ್ಸ್‌ರೇ ಕೆಳಗೆ ತಿರುಗಿಸಿ ತಿರುಗಿಸಿ ನೋಡ್ತೀವಿ. ಆಗ ಕಣ್ಣೇ ಗತಿ. ಅವಳು ಒಂದು ಕೊಂಡಿ ನೋಡಿದಳು. ಕೂತಿತ್ತು. ಆಮೇಲೆ ರೂಢಿಯಂತೆ ಕಣ್ಣು ಮುಚ್ಚಿ ಬೇಡಿಕೊಂಡಳು: ‘ತಂದೇ, ಇವರನ್ನ ಹೆಂಡತಿ ಹತ್ತಿರ ವಾಪಸ್ ಕಳಿಸು.’ ಕಣ್ಣು ತೆರೆದರೆ ವೈದ್ಯರು ಕೈ ಚಾಚಿದ್ದಾರೆ. ‘ಎರಡೂ ಕೂತಿವೆಯಾ?’ ‘ಕೂತಿವೆ.’ ಪ್ರಾರ್ಥನೆ ಮುಗಿಸಿದ್ದಕ್ಕೆ, ನೋಡಿದ್ದೂ ಮುಗೀತು ಅನ್ನಿಸಿಬಿಟ್ಟಿತ್ತು. ಬೆರಳೆಲ್ಲ ಆ ನೀರಿಗೆ ಮರಗಟ್ಟಿತ್ತು… ಮರಗಟ್ಟಿತ್ತಂತೆ. ಅವಳೇ ಹೇಳಿದ್ದು.

ಹೌದು, ಅವಳೇ ಹೇಳಿದ್ದು!

ಏನಾದರೂ ಅನ್ನಿ ಅಕ್ಕಾ. ಬೈಯಿರಿ ಬೇಕಾದರೆ. ಹೀಗೆ ಮಾತ್ರ ನೋಡಬೇಡಿ.

…

ಇನ್ನೊಬ್ಬಳು ಅಂತ ಯಾರೂ ಇರಲಿಲ್ಲ.

ಕವಾಟ ಚಿಮ್ಮಿದಾಗ ‘ಹಳೇ ಮಾದರಿ, ಆಗುತ್ತೆ’ ಅಂದ್ರು ಎಲ್ಲರೂ. ನಾನು ತಲೆ ಆಡಿಸಿದೆ. ಹನ್ನೊಂದು ವರ್ಷ ಆಡಿಸ್ತಾನೇ ಬಂದೆ. ಹೌದು, ಹನ್ನೊಂದೇ. ಇವತ್ತಿಗೂ ಕಣ್ಣು ಮುಚ್ಚಿ ಕೈ ಮುಗಿದರೆ ದೇವರು ಬರೋದಿಲ್ಲ ಅಕ್ಕಾ, ಆ ಎರಡನೇ ಕೊಂಡಿ ಬರುತ್ತೆ. ಹೊಳೀತಾ, ಹೊರಗೇ ನಿಂತಿರುತ್ತೆ. ಅವನು ಕರುಣಾಳು, ಕ್ಷಮಿಸಿದ್ದಾನೆ ಅಂತ ನಂಬಿದ್ದೆ. ನಿಮ್ಮನ್ನ ಒಂದು ಮಾತು ಕೇಳದೇನೇ ನಂಬಿಬಿಟ್ಟೆ.

ನಿಮ್ಮ ಕವಾಟ ನಾನು ಮುಟ್ಟೋದಿಲ್ಲ. ಈಗಲೇ ಹೋಗಿ ವೈದ್ಯರಿಗೆ ಎಲ್ಲಾ ಹೇಳ್ತೀನಿ, ಬೇರೆಯವರು ತಯಾರು ಮಾಡಲಿ. ಮಗಳು ನಿಜಕ್ಕೂ ಒಳ್ಳೆಯವಳು, ಅದೊಂದು ಸುಳ್ಳಲ್ಲ. ಧೈರ್ಯವಾಗಿ ಹೋಗಿ…

ಇನ್ನೂ ನೋಡ್ತಾನೇ ಇದ್ದೀರಲ್ಲ ಅಕ್ಕಾ. ರೆಪ್ಪೆ ಕೂಡ ಬಡೀದೆ. ಅವತ್ತು ನಾನು ಹೀಗೆ, ಒಂದೇ ಒಂದು ಸಲ, ನೋಡಿದ್ದಿದ್ದರೆ ಸಾಕಾಗಿತ್ತು.