ಬಲ್ಬಿನ ಕಾವು

ತೆರಕಣಾಂಬಿ ಬಸ್ ನಿಲ್ದಾಣದಲ್ಲಿ ಗುಂಡ್ಲುಪೇಟೆ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅತ್ತೆ ಸೊಸೆ ಇಬ್ಬರು ಕೂತಿದ್ದರು. ಸೊಸೆಯ ತೊಡೆಯ ಮೇಲಿದ್ದ ರಟ್ಟಿನ ಪೆಟ್ಟಿಗೆಯೊಳಗಿಂದ ಕೋಳಿಮರಿಗಳ ಚಿಂವ್‌ಚಿಂವ್ ಕೇಳುತ್ತಿತ್ತು.

“ಸತ್ತಿದ್ದು ಸತ್ವು. ಉಳ್ದವನ್ನಾದ್ರೂ ಮನೇಲೇ ಬುಟ್ಟು ಬರ್ಬಾರ್ದಿತ್ತಾ?” ಎಂದರು ಅತ್ತೆ.

“ಬುಟ್ಟು ಬಂದ್ರೆ ಇವೂ ಥಂಡೀಲಿ ಸಾಯ್ತವೆ. ಬಿಸಿ ಕೊಡ್ತಿದ್ದ ಹಳೇ ಬಲ್ಬು ಯಾಕತ್ತೆ ಬಿಚ್ಚುದ್ರಿ?”

“ಅದು ಕರೆಂಟು ತಿಂತದೆ ಅಂತ ಎಲ್‌ಇಡಿ ಆಕ್ದೆ ಕಣಮ್ಮಿ. ಬೆಳಕು ಅದ್ಕಿಂತ ಜಾಸ್ತೀನೇ ಇತ್ತು.”

“ಮರಿಗಳೇನು ಪೇಪರ್ ಓದ್ತವಾ? ಅವಕ್ಕೆ ಬೇಕಾದ್ದು ಕಾವು! ಈಗ ಆ ಬಲ್ಬು ಊರಲ್ಲಿ ಒಂದಂಗ್ಡೀಲೂ ಇಲ್ಲ. ಗುಂಡ್ಲುಪೇಟೇಲಿ ಬೀದಿಬೀದಿ ಹುಡುಕ್ಬೇಕು.”

“ಅದ್ಕೇ ಯೋಳದು, ಬಲ್ಬು ನೆಚ್ಕಬಾರ್ದು ಅಂತ. ತಾಯಿಕೋಳಿ ರೆಕ್ಕೆ ಅಡೀಲಿ ಇದ್ದಿದ್ರೆ ಒಂದೂ ಸಾಯ್ತಿರ್ನಿಲ್ಲ.”

ಸೊಸೆ ಪೆಟ್ಟಿಗೆಯನ್ನು ಬೆಂಚಿನ ಮೇಲೆ ಇಟ್ಟು ಅತ್ತೆಯ ಕಡೆ ತಿರುಗಿದಳು.

“ತಾಯಿಕೋಳಿ ಇತ್ತಲ್ಲ ಅತ್ತೆ! ನಿಮ್ಮಣ್ಣ ಬಂದಿದ್ ದಿನ ಕುಯ್ಸುದ್ರಲ್ಲ, ಅದೇ. ಮರಿಗಳ ತಾಯಿ ಅದು, ಬ್ಯಾಡ ಅಂತ ಬಡ್ಕಂಡೆ. ಕೇಳುದ್ರಾ?”

“ಅಣ್ಣ ಬಂದವ್ನೆ, ಬರೀ ಉಪ್ಸಾರು ಇಕ್ಕಕಾಯ್ತದಾ?”

“ಮನೇಲಿ ಹುಂಜ ಇರ್ನಿಲ್ವಾ?”

ಅಷ್ಟರಲ್ಲಿ ಬಸ್ಸು ಬಂತು. ಅತ್ತೆಯೇ ಪೆಟ್ಟಿಗೆ ಎತ್ತಿಕೊಂಡು, ಸೆರಗು ಮುಚ್ಚಿ, ಹೊಟ್ಟೆಗೆ ಒತ್ತಿ ಹಿಡಿದು ಬಾಗಿಲಿಗೆ ನುಗ್ಗಿದರು.

“ಏನಜ್ಜಿ ಅದು, ಸೆರಗೊಳ್ಗೆ?” ಎಂದ ಕಂಡಕ್ಟರ್.

“ಕಾವು ಕೂತಿವ್ನಿ. ಜಾಗ ಬುಡ್ಲಾ!”