ಸ್ಕೀಲಿಯ ಕೊನೇ ಫೋಟೋ

...ಇಲ್ಲ ಔಸಿ, ಹದ್ದೇ ಇರಬೇಕು, ನಾನ್ ಹೇಳ್ತೀನಿ ಕೇಳಿ. ಹದ್ದು ಎರಗಿದೆ, ಈ ಪುಟ್ಟ ಗಿಳಿ ಹೆದರಿ ತೊಟ್ಟಿಗೆ ಬಿದ್ದಿದೆ. ಅಷ್ಟೇ! ಮೊದಲೇ ಒಕ್ಕಣ್ಣು. ಎಡಗಡೆಯಿಂದ ಬಂದದ್ದು ಅದಕ್ಕೆ ಹೇಗೆ ಕಾಣಬೇಕು ಹೇಳಿ? ಯಾಕೆ ತಲೆ ಆಡಿಸ್ತೀರಿ? ಈ ಮರಳುಗಾಡಲ್ಲಿ ಹದ್ದಿಗೇನು ಬರವಾ?

ಕರವಸ್ತ್ರ ಬಿಚ್ಚಬೇಡಿ. ಇನ್ನೂ ಒದ್ದೆ ಇದೆ... ಬೇಡ ಅಂದ್ರೂ ಬಿಚ್ತೀರಲ್ಲ! ಸರಿ, ನೋಡಿ. ನೋಡಿಬಿಡಿ. ಮುಖ ಮಾತ್ರ ಹಾಗೇ ಇದೆ, ಅದೇ ಗುಲಾಬಿ ಬಣ್ಣ. ಬೆಳಿಗ್ಗೆ ಲಾರಿಯಿಂದ ಇಳಿದು ಮುಖ ತೊಳೆಯೋಣ ಅಂತ ತೊಟ್ಟಿ ಹತ್ರ ಹೋದ್ರೆ ತೇಲ್ತಾ ಇತ್ತು. ಎಲೆ ಅಂದ್ಕೊಂಡೆ ಮೊದಲು. ಆಮೇಲೆ ಅನ್ನಿಸ್ತು, ಇಲ್ಲಿ ಹಸಿರೆಲೆ ಎಲ್ಲಿಂದ ಬರಬೇಕು...

ಕಾಫಿ ಕುಡೀರಿ. ಆರಿಹೋಗ್ತಿದೆ.

ಹನ್ನೊಂದು ವರ್ಷ ಆಯ್ತು ನಿಮ್ಮನ್ನ ಔಸಿ ಅಂತ ಕರೆಯೋಕೆ ಹಿಡಿದು. ಒಡಹುಟ್ಟಿದ ಅಕ್ಕನ್ನೂ ಅಷ್ಟು ಬಾಯ್ತುಂಬ ಕರೆದಿಲ್ಲ ನಾನು. ವಾಲ್ವಿಸ್ ಬೇ ಬಂದರಲ್ಲಿ ಉಪ್ಪು ತುಂಬ್ಕೊಂಡು ಹೊರಟ್ರೆ, ದಾರಿ ಉದ್ದಕ್ಕೂ ಒಂದು ನರಪಿಳ್ಳೆ ಇಲ್ಲ. ನಿಮ್ಮ ಹಿತ್ತಿಲು ಬಂದ್ರೇನೇ ಜೀವ ಬರೋದು. ಉಳಿದ ಡ್ರೈವರ್‌ಗಳು ಆಡ್ಕೊಂಡು ನಗ್ತಾರೆ. ಬಾರ್ನಾಬಸ್‌ಗೆ ಹೆಂಡ ಬೇಡ, ಹೆಣ್ಣು ಬೇಡ, ಫೀನಾ ಅಕ್ಕನ ಹಿತ್ತಿಲಲ್ಲಿ ಕ್ಯಾಮೆರಾ ಹಿಡ್ಕೊಂಡು ಕೂರೋಕೆ ಬಿಟ್ರೆ ಸಾಕು ಅಂತಾರೆ. ಅನ್ನಲಿ! ನಿಜಾನೇ ತಾನೇ?

ಮೆಳ್ಳಗಣ್ಣ ಅಂತ ಆಡ್ಕೊಂಡು ಇದಕ್ಕೆ ಸ್ಕೀಲಿ ಅಂತ ಹೆಸರಿಟ್ಟೋನೂ ನಾನೇ ಅಲ್ವಾ! ಮುಳ್ಳುಮರದ ಗೂಡಿಂದ ಬಿದ್ದು, ಕಣ್ಣಿಗೆ ಮುಳ್ಳು ಹೊಕ್ಕು... ಉಳಿಯಲ್ಲ ಔಸಿ, ಎಸೀರಿ ಅಂದೆ ನಾನು. ನೀವು ಬೆರಳ ತುದೀಲಿ ಜೋಳದ ಗಂಜಿ ಇಟ್ಟು ಬದುಕಿಸ್ಕೊಂಡ್ರಿ. ಆಮೇಲೆ ನಿಮ್ಮ ರವಿಕೆಗೆ ಒಂದು ಗುಂಡಿ ಉಳಿಯೋಕೆ ಬಿಡಲಿಲ್ಲ, ಕಳ್ಳ! ಹೆಗಲ ಮೇಲೆ ಕೂತು ಕಟಕಟ ಕಡಿದದ್ದೇ... ನಗ್ತೀರಾ? ಹಾಂ, ನಗಿ... ಓ. ಇಲ್ಲ. ಅಳಬೇಡಿ ಔಸಿ. ನಿಮ್ಮ ದಮ್ಮಯ್ಯ.

ಅದರ ಜೋಡಿ ನೋಡಿ, ಆಗಿಂದ ತೊಟ್ಟಿ ಅಂಚಲ್ಲೇ ಕೂತು ಕೂಗ್ತಿದೆ.

ಏನು, ಅಲ್ಲೇನು ನೋಡ್ತೀರಿ? ಹಲಗೆನಾ? ಹಲಗೆ ಇದೆಯಲ್ಲ ಅದರ ಜಾಗದಲ್ಲೇ! ನಿಮ್ಮ ಯಜಮಾನ್ರು ಹಿಸ್ಕಿಯಾ ಅಣ್ಣ ಕಚ್ಚು ಹೊಡೆದು ಇಳಿಬಿಟ್ಟ ಹಲಗೆ ಎಲ್ಲಿ ಹೋಗುತ್ತೆ? ಗಾಳಿ ನಿಂತು, ನೀರೆತ್ತೋ ಗಾಳಿಯಂತ್ರ ನಿಂತು, ತೊಟ್ಟಿ ನೀರು ಅಂಚಿಂದ ಇಳಿದಾಗ, ಬಿದ್ದ ಹಕ್ಕಿ ಹತ್ತಿ ಬರಲಿ ಅಂತ... ಪುಣ್ಯಾತ್ಮ, ಸಾಯೋ ವಾರದಲ್ಲೂ ಕೂತು ಅದನ್ನೇ ಕೆತ್ತಿದ್ರು. ಇದೆ, ಇದೆ. ಸ್ಕೀಲಿಗೆ ಹತ್ತೋಕೆ ಶಕ್ತಿ ಸಾಲಲಿಲ್ಲವೇನೋ. ವಯಸ್ಸೂ ಆಗಿತ್ತು. ನಾನಂತೂ ನಿನ್ನೆ ತೊಟ್ಟಿ ಹತ್ರಾನೂ ಸುಳಿದಿಲ್ಲ, ಈ ಬಾಗಿಲಲ್ಲೇ ಕೂತು ದೂರದಿಂದಾನೇ ಫೋಟೋ ತೆಗ್ದದ್ದು.

ಹಾಂ, ಫೋಟೋ! ತಡೀರಿ, ತೋರಿಸ್ತೀನಿ. ಅದರ ಕೊನೇ ಫೋಟೋ ಔಸಿ. ನಿನ್ನೆ ಸಾಯಂಕಾಲ, ಸೂರ್ಯ ಇಳಿಯೋ ಹೊತ್ತಲ್ಲಿ... ತಗೊಳ್ಳಿ, ಹಿಡ್ಕೊಳ್ಳಿ. ತೊಟ್ಟಿ ಅಂಚಲ್ಲಿ ಬಗ್ಗಿ ನೀರು ಕುಡೀತಿದೆ ನೋಡಿ! ಕೆಳಗೆ ನೀರಲ್ಲಿ ಇನ್ನೊಂದು ಸ್ಕೀಲಿ. ಒಂದು ಗೀರಿಲ್ಲ, ಅಡ್ಡ ಇಲ್ಲ, ಕನ್ನಡಿ ಥರ. ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿ ತಂದುಕೊಡ್ತೀನಿ. ಅಣ್ಣನ ಫೋಟೋ ಪಕ್ಕದಲ್ಲೇ ತೂಗುಹಾಕಿ.

ಚೆನ್ನಾಗಿದೆ ಅಲ್ವಾ?

...ಔಸಿ?

ಮುಂದಿನದು ನೋಡಿ. ಆ ಗುಂಡಿ ಒತ್ತಿ, ಬಲಗಡೆದು. ಇನ್ನೂ ಇವೆ... ಯಾಕೆ ಅದನ್ನೇ ನೋಡ್ತೀರಿ? ಹಕ್ಕಿ ನೋಡಿ ಔಸಿ, ನೀರೇನು ನೋಡ್ತೀರಿ? ಬೆರಳು ತೆಗೀರಿ ಅಲ್ಲಿಂದ. ಆ ಮೂಲೇಲಿ ಏನಿಲ್ಲ. ಏನಿಲ್ಲ ಅಂದೆ...

ಹೂಂ. ಏನಿಲ್ಲ.

ಐದೇ ನಿಮಿಷ ಅಂತ ಹಲಗೆ ತೆಗೆದಿಟ್ಟೆ ಔಸಿ. ಅಣ್ಣನಾಣೆ... ಇಲ್ಲ, ಆಣೆ ಬೇಡ, ಯಾವ ಮುಖ ಇಟ್ಕೊಂಡು ಆ ಹೆಸರೆತ್ತಲಿ! ಆ ಹಾಳು ಕ್ಯಾಲೆಂಡರ್ ಇತ್ತಲ್ಲ, ನಮ್ಮ ಕಂಪನೀದು? ಒಂದು ಸಲ ಅದರಲ್ಲಿ ನಾನು ತೆಗೆದ ಫೋಟೋ ಬರಲಿ ಅಂತ ಆಸೆ. ಹಲಗೆ ಅಡ್ಡ ಬಂದು ನೀರಲ್ಲಿ ಹಕ್ಕಿ ಎರಡು ತುಂಡಾಗಿ ಕಾಣ್ತಿತ್ತು. ತೆಗೆದು ಗೋಡೆಗೆ ಒರಗಿಸಿದೆ. ಫೋಟೋ ಬಂತು, ನೀವು ಊಟಕ್ಕೆ ಕರೆದ್ರಿ, ನಾನು ಕುಣೀತಾ ಬಂದೆ. ಮರೆತೆ. ಮೈಮರೆತು ಉಂಡೆ, ಹೋಗಿ ಲಾರೀಲಿ ಬಿದ್ಕೊಂಡೆ. ಬೆಳಿಗ್ಗೆ ಸ್ಕೀಲೀನ ಎತ್ತಿದ ಮೇಲೆ ಹಲಗೆ ವಾಪಸ್ ಇಟ್ಟೆ. ಕಳ್ಳನ ಹಾಗೆ.

ಬೈಯಿರಿ ಔಸಿ. ಆ ಕಾಫಿ ನನ್ನ ಮುಖಕ್ಕೆ ಎರಚಿ. ಇನ್ಮೇಲೆ ನನ್ನ ಹಿತ್ತಿಲಿಗೆ ಕಾಲಿಡಬೇಡ ಅನ್ನಿ, ಅದನ್ನಾದ್ರೂ ಅನ್ನಿ! ಕ್ಯಾಮೆರಾ ಕೊಡಿ, ಅಳಿಸಿಹಾಕ್ತೀನಿ... ಕೊಡಲ್ವಾ?

ಇನ್ನೊಂದಿದೆ. ಹೇಳಬಾರದು ಅಂದ್ಕೊಂಡಿದ್ದೆ. ತೊಟ್ಟಿ ಸುತ್ತ ಒಳಗಡೆ ಪಾಚಿ ಕಟ್ಟಿದೆ, ಗೊತ್ತಲ್ಲ? ಅದರ ಮೇಲೆ ಉಗುರಿನ ಗೀರು ಇದ್ವು ಔಸಿ. ತುಂಬ ಇದ್ವು. ಒಂದರ ಮೇಲೊಂದು. ಸುತ್ತ ಎಲ್ಲೂ ಇಲ್ಲ, ಒಂದೇ ಕಡೆ...

ಹಲಗೆ ಇರ್ತಿತ್ತಲ್ಲ, ಅಲ್ಲೇ.